ನನ್ನ ಮೈಯ ಪಾಲುಪಟ್ಟಿ

ಮಲೆನಾಡಿನಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ತೋಟ, ಗದ್ದೆ, ಕೊಟ್ಟಿಗೆ, ಕೊನೆಗೆ ಬಚ್ಚಲ ಹಂಡೆಯವರೆಗೆ ಎಲ್ಲವೂ ಪಂಚರ ಮುಂದೆ ಹಂಚಿಕೆಯಾಗುತ್ತದೆ. ಬಾವಿಯೊಂದು ಮಾತ್ರ ಯಾರ ಪಾಲಿಗೂ ಪೂರ್ತಿ ಬರುವುದಿಲ್ಲ. ಅದು ಜಂಟಿ. ಮುಂದಿನ ತಲೆಮಾರಿನ ಜಗಳವೆಲ್ಲ ಆ ಬಾವಿಕಟ್ಟೆಯ ಮೇಲೇ ನಡೆಯುತ್ತದೆ. ಅರವತ್ತು ದಾಟಿದ ಮೇಲೆ ನನ್ನ ಮೈಯೂ ಹೀಗೇ ಪಾಲಾಗಿದೆ. ಗಂಟಲ ಬುಡದ ಥೈರಾಯಿಡ್ ಗ್ರಂಥಿ ಹಾರ್ಮೋನಿನ ಡಾಕ್ಟರಿಗೆ, ಎರಡು ಶ್ವಾಸಕೋಶಗಳು ಉಸಿರಿನ ಡಾಕ್ಟರಿಗೆ, ಮೂಳೆ ಒಬ್ಬರಿಗೆ, ಕಣ್ಣು ಇನ್ನೊಬ್ಬರಿಗೆ. ತಂತಮ್ಮ ಪಾಲನ್ನು ಎಲ್ಲರೂ ಬಹಳ ಮುತುವರ್ಜಿಯಿಂದಲೇ ನೋಡಿಕೊಳ್ಳುತ್ತಾರೆ. ಬೇಲಿಯಾಚೆ ಇಣುಕುವುದು ಸಭ್ಯತೆಯಲ್ಲವೆಂದು ಸುಮ್ಮನಿರುತ್ತಾರೆ, ಅಷ್ಟೆ. ಹೃದಯ ಮಾತ್ರ ಜಂಟಿ ಬಾವಿಯಾಗಿ ಉಳಿದುಬಿಟ್ಟಿದೆ.

ಉಬ್ಬಸ ನನಗೆ ತವರಿನ ಬಳುವಳಿ. ಥೈರಾಯಿಡ್ ತೊಂದರೆ ಬಂದದ್ದು ನಿವೃತ್ತಿಯ ಹೊತ್ತಿಗೆ, ಸಹೋದ್ಯೋಗಿಗಳು ಕೊಟ್ಟ ಶಾಲು ಮತ್ತು ಹಣ್ಣಿನ ಬುಟ್ಟಿಯ ಹಿಂದೆಯೇ. ಎರಡಕ್ಕೂ ಔಷಧಿಯಿದೆ, ಎರಡೂ ಒಳ್ಳೆಯ ಔಷಧಿಗಳೇ. ಸ್ವಭಾವಗಳು ಮಾತ್ರ ಕೂಡಿಬರುವುದಿಲ್ಲ. ಥೈರಾಯಿಡಿನದು ಲಿವೋಥೈರಾಕ್ಸಿನ್ ಎಂಬ ಪುಟ್ಟ ಮಾತ್ರೆ. ನನ್ನ ಡೋಸು 75 ಮೈಕ್ರೋಗ್ರಾಂ. ಅಂದರೆ ಒಂದು ಅಕ್ಕಿಕಾಳಿನ ತೂಕವನ್ನು ಇನ್ನೂರು ಚೂರು ಮಾಡಿದರೆ ಅದರಲ್ಲಿ ಒಂದರಷ್ಟೂ ಇರಲಿಕ್ಕಿಲ್ಲ. ಇಷ್ಟು ಚಿಕ್ಕದಕ್ಕೆ ಎಷ್ಟು ಬಿಗುಮಾನ ಅಂತೀರಿ! ಖಾಲಿ ಹೊಟ್ಟೆಯೇ ಆಗಬೇಕು. ಬರೀ ನೀರೇ ಆಗಬೇಕು. ಒಳಗೆ ಹೋದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಬೇರೆ ಯಾರೂ ಹಿಂದೆ ಬರಕೂಡದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಂತೂ ನಾಲ್ಕು ಗಂಟೆ ದೂರ ನಿಲ್ಲಬೇಕು. ಇಷ್ಟೆಲ್ಲ ಮಡಿ ಮಾಡಿದರೂ ಕೆಲಸಕ್ಕೆ ಅವಸರವಿಲ್ಲ. ಇವತ್ತು ರಕ್ತಕ್ಕೆ ಸೇರಿದ್ದರಲ್ಲಿ ಸುಮಾರು ಅರ್ಧದಷ್ಟು ಮುಂದಿನ ವಾರವೂ ಅಲ್ಲೇ ಅಡ್ಡಾಡುತ್ತಿರುತ್ತದೆ. ಡೋಸು ಬದಲಿಸಿದರೆ ಫಲ ಗೊತ್ತಾಗಲು ಆರು ವಾರ ಕಾದು ರಕ್ತದ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು.

ಉಬ್ಬಸದ ಪಂಪಿನದು ಪೂರ್ತಿ ತದ್ವಿರುದ್ಧ. ಅದರೊಳಗಿನ ಸಾಲ್ಬುಟಮಾಲ್‌ಗೆ ಮಡಿಮೈಲಿಗೆ ಯಾವುದೂ ಇಲ್ಲ. ಊಟದ ಮೊದಲಾಗಲಿ ಆಮೇಲಾಗಲಿ, ಮದುವೆಮನೆಯಲ್ಲಾಗಲಿ ಮೆಜೆಸ್ಟಿಕ್ ಬಸ್‌ಸ್ಟಾಂಡಿನಲ್ಲಾಗಲಿ, ಎರಡು ಸಲ ಒತ್ತಿ ಎಳೆದುಕೊಂಡರೆ ಕೆಲವೇ ನಿಮಿಷಗಳಲ್ಲಿ ಎದೆಯ ಬಿಗಿ ಸಡಿಲ. ನಾಲ್ಕರಿಂದ ಆರು ಗಂಟೆಯೊಳಗೆ ಹೇಳದೆ ಕೇಳದೆ ಹೊರಟೂಹೋಗುತ್ತದೆ. ಪರಾಗ ಹಾರುವ ಕಾಲದಲ್ಲಿ, ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ, ಬೆಂಗಳೂರಿನಲ್ಲಿ ಪರ್ಸ್ ಮರೆತು ಮನೆ ಬಿಟ್ಟೇನು, ಪಂಪು ಮರೆತು ಬಿಡಲಾರೆ.

ಇದನ್ನೆಲ್ಲ ಸಹಿಸಬಹುದಿತ್ತು, ಕಾಫಿಯ ವಿಷಯ ಬರದಿದ್ದರೆ. ನಾನು ಹುಟ್ಟಿದ್ದು ಚಿಕ್ಕಮಗಳೂರು ಸೀಮೆಯಲ್ಲಿ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಗಿರಿಯ ಮೇಲೆ ಊರಿದರೆಂಬ ಐತಿಹ್ಯವನ್ನು ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿದವರು ನಾವು. ಅಂಥವಳಿಗೆ, ಎದ್ದು ಒಂದು ಗಂಟೆ ಕಾಫಿ ಮುಟ್ಟಬೇಡ ಎಂದರೆ! ಕಾಫಿ ಜೊತೆಗಿದ್ದರೆ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂದು ಡಾಕ್ಟರು ವಿವರಿಸಿದಾಗ, ಇದು ಚಹಾ ಕುಡಿಯುವ ಯಾವುದೋ ದೇಶದವರ ಪಿತೂರಿಯೇ ಸರಿ ಎಂದುಕೊಂಡೆ. ವಿಚಾರಿಸಿದರೆ, 2008ರಲ್ಲಿ ಇದನ್ನು ಅಳೆದು ಪ್ರಕಟಿಸಿದವರು ಇಟಲಿಯ ವೈದ್ಯರು. ಎಸ್ಪ್ರೆಸೋ ದೇಶದವರು! ನಮ್ಮವರೇ ಹೀಗೆ ಮಾಡಿದರೆ ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನಮ್ಮ ಮನೆಯಲ್ಲಿ ಬೆಳಗಿನ ಡಿಕಾಕ್ಷನ್ ಇಳಿಸುವುದು ಯಜಮಾನರ ಕೆಲಸ. ನಾನು ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕೂತಿರುವಾಗ ಅವರು ಎದುರಿನ ಕುರ್ಚಿಯಲ್ಲೇ ಕೂತು, ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ನೊರೆ ಬರುವಂತೆ ಆರಿಸಿ, ಸೊರ್ರೆಂದು ಹೀರಿ, “ನಿನಗಿನ್ನೂ ಇಪ್ಪತ್ತು ನಿಮಿಷ ಇದೆ” ಎನ್ನುತ್ತಾರೆ. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಅವರ ಕೈಗೆ ಸಿಕ್ಕ ಮೊದಲ ಅಧಿಕಾರ ಅದು. ಚಲಾಯಿಸಿಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಆ ಬರಡು ಗಂಟೆಯನ್ನು ಕಳೆಯಲು ನಾನು ಹಿಡಿದ ದಾರಿ ಓದು. ಬೇರೆಯವರು ಆ ಹೊತ್ತಿನಲ್ಲಿ ಸಹಸ್ರನಾಮ ಓದುತ್ತಾರೆ. ನಾನು ನನ್ನ ಔಷಧಿಗಳ ವಂಶಾವಳಿ ಓದಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಎಳೆಯ ವೈದ್ಯ, ಥೈರಾಯಿಡ್ ಬತ್ತಿ ಮೈ ಊದಿ ಮಂಕಾಗಿದ್ದ ಒಬ್ಬ ಹೆಂಗಸಿಗೆ ಕುರಿಯ ಥೈರಾಯಿಡಿನ ರಸವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡು ಆಮೇಲೆ 28 ವರ್ಷ ಬಾಳಿದಳು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಖರ್ಚಾಯಿತಂತೆ. ಸಸ್ಯಾಹಾರಿ ಮನೆತನದ ನನಗೆ ಇದನ್ನು ಓದಿ ಸ್ವಲ್ಪ ಹೊತ್ತು ಕಸಿವಿಸಿಯಾಯಿತು. 1914ರ ಕ್ರಿಸ್ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಗ್ರಂಥಿಯೊಳಗಿನ ಥೈರಾಕ್ಸಿನ್ನನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದ. 1927ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸುವ ದಾರಿಯೂ ಸಿಕ್ಕಿತು. ಕುರಿಗಳೂ ನಾನೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು.

ಪಂಪಿನ ಕಥೆ ಇನ್ನೂ ಚೆಂದ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್‌ಗೆ ಉಬ್ಬಸದ ಮಗಳಿದ್ದಳು. ಆಗಿನ ಗಾಜಿನ ನೆಬ್ಯುಲೈಸರಿನ ರಬ್ಬರ್ ಬುರುಡೆಯನ್ನು ಹಿಸುಕಿ ಹಿಸುಕಿ ಬೇಸತ್ತ ಹುಡುಗಿ, ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಡಬ್ಬಿಯಲ್ಲಿ ನನ್ನ ಔಷಧಿಯನ್ನೂ ಯಾಕೆ ತುಂಬಬಾರದು ಎಂದು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಮೊದಲ ಪಂಪು ಮಾರುಕಟ್ಟೆಗೆ ಬಂತು. ಹಟ ಮಾಡುವ ಹೆಣ್ಣುಮಕ್ಕಳನ್ನು “ಅಧಿಕಪ್ರಸಂಗಿ” ಎಂದು ಗದರುವ ನಮ್ಮ ಕಡೆ ಆ ಹುಡುಗಿ ಹುಟ್ಟಿದ್ದರೆ ನನಗಿವತ್ತು ಪಂಪು ಇರುತ್ತಿರಲಿಲ್ಲ.

ಓದುತ್ತ ಹೋದಂತೆ ಹೆನ್ರಿ ಹೈಡ್ ಸಾಲ್ಟರ್ ಸಿಕ್ಕಿದ. ಲಂಡನ್ನಿನ ವೈದ್ಯ, ತಾನೇ ಉಬ್ಬಸದ ರೋಗಿ, 1860ರಲ್ಲಿ ಉಬ್ಬಸದ ಮೇಲೆ ದೊಡ್ಡ ಪುಸ್ತಕ ಬರೆದವನು. ಉಬ್ಬಸ ಕೆರಳಿದಾಗ ಗಟ್ಟಿ ಕಾಫಿ ಬಹಳ ಒಳ್ಳೆಯ ಮದ್ದು ಎಂದು ಅವನ ಮತ. ಹಾಲು, ಸಕ್ಕರೆ ಬೆರೆಸಬಾರದು. ಮುಖ್ಯವಾಗಿ, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದೆ. ಒಂದೇ ಹೊಟ್ಟೆ. ಅದು ಖಾಲಿಯಿರುವುದು ದಿನಕ್ಕೆ ಒಂದೇ ಸಲ. ಒಬ್ಬರ ಪ್ರಕಾರ ಆ ಹೊತ್ತಿನಲ್ಲಿ ಕಾಫಿ ಕೂಡದು, ಇನ್ನೊಬ್ಬರ ಪ್ರಕಾರ ಆ ಹೊತ್ತಿನಲ್ಲೇ ಕಾಫಿ ಆಗಬೇಕು. ಯಜಮಾನರಿಗೆ ತೋರಿಸಿದೆ. “ಅವನು ಸತ್ತು ಎಷ್ಟು ವರ್ಷವಾಯ್ತು?” ಎಂದು ಕೇಳಿ ತಮ್ಮ ಲೋಟ ಎತ್ತಿಕೊಂಡರು. ಸಾಲ್ಟರನ ಮಾತು ಸುಳ್ಳೇನಲ್ಲ. ಕಾಫಿಯ ಕೆಫೀನ್ ಶ್ವಾಸನಾಳಗಳನ್ನು ಕೆಲವು ಗಂಟೆಗಳ ಕಾಲ ತುಸು ಸಡಿಲಿಸುತ್ತದೆಂದು ಈಗಿನ ಪರೀಕ್ಷೆಗಳೂ ಹೇಳುತ್ತವೆ. ಆದರೆ ತುಸುವೇ. ಪಂಪು ಇಲ್ಲದ ಕಾಲದಲ್ಲಿ ಅದೇ ದೊಡ್ಡದಾಗಿತ್ತು. ಈಗ ಉಸಿರು ಕಟ್ಟಿದಾಗ ಫಿಲ್ಟರ್ ಹುಡುಕುತ್ತ ಅಡಿಗೆಮನೆಗೆ ಓಡುವುದು ಬುದ್ಧಿವಂತಿಕೆಯಲ್ಲ.

ಸಾಲ್ಟರನನ್ನು ಓದುವಾಗ ನನ್ನ ದೊಡ್ಡತ್ತೆ ನೆನಪಾದಳು. ಅಪ್ಪನ ಹಿರಿಯಕ್ಕ, ಬಾಲವಿಧವೆ, ತೌರಿನಲ್ಲೇ ಉಳಿದವಳು. ಮೃಗಶಿರಾ ಮಳೆ ಹಿಡಿಯಿತೆಂದರೆ ಅವಳ ಗೂರಲೂ ಹಿಡಿಯುತ್ತಿತ್ತು. ಮನೆಯಲ್ಲಿ ಅದಕ್ಕೆ ನಡೆಯದ ಚಿಕಿತ್ಸೆಯಿಲ್ಲ. ಆಡುಸೋಗೆಯ ಕಷಾಯವಾಯಿತು, ಉಮ್ಮತ್ತಿ ಎಲೆಯ ಹೊಗೆಯಾಯಿತು. ಒಂದು ವರ್ಷ ಯಾರೋ ಹೈದರಾಬಾದಿಗೆ ಕರೆದೊಯ್ದು ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಿ ಕೊಡಿಸುತ್ತೇವೆಂದಾಗ ಮಾತ್ರ, “ಉಸಿರು ಹೋದರೂ ಸರಿ, ಮೀನು ಒಳಗೆ ಹೋಗಬಾರದು” ಎಂದುಬಿಟ್ಟಳು. ಅವಳು ನಂಬಿದ್ದು ಒಂದನ್ನೇ. ನಸುಕಿನಲ್ಲಿ ಎಲ್ಲರಿಗಿಂತ ಮೊದಲೆದ್ದು, ಒಲೆಯ ಮುಂದೆ ಗೋಡೆಗೊರಗಿ ಕೂತು, ಬೆಲ್ಲವೂ ಹಾಕದ ಕರಿ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುವುದು. ಮಡಿ ಹೆಂಗಸು ಸ್ನಾನಕ್ಕೆ ಮುಂಚೆ ಕಾಫಿ ಕುಡಿಯಲು ಗೂರಲಿನ ನೆಪ ಹಿಡಿದಿದ್ದಾಳೆ ಎಂದು ಮನೆಯವರು ಮುಸಿಮುಸಿ ನಗುತ್ತಿದ್ದರು. ಸಾಲ್ಟರ್ ಬದುಕಿದ್ದರೆ ಅವಳ ಪರವಾಗಿ ಸಾಕ್ಷಿ ಹೇಳುತ್ತಿದ್ದ.

ಅವಳಿಗೆ ಗಂಟಲಲ್ಲಿ ಸಣ್ಣ ಗಂಟೂ ಇತ್ತು. ಘಟ್ಟದ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುವ ನಮ್ಮ ಸೀಮೆಯಲ್ಲಿ ಗಳಗಂಡ ಹೊಸದಾಗಿರಲಿಲ್ಲ. ಸರಕಾರ 1962ರಲ್ಲೇ ಗಳಗಂಡ ನಿಯಂತ್ರಣದ ಯೋಜನೆ ಶುರುಮಾಡಿತ್ತು. ಅಯೋಡಿನ್ ಉಪ್ಪು ನಮ್ಮ ಅಡಿಗೆಮನೆಗೆ ಬರುವಷ್ಟರಲ್ಲಿ ಅತ್ತೆಯ ಗಂಟು ಹಳತಾಗಿತ್ತು. ಬೇಸಿಗೆಯಲ್ಲೂ ಕಂಬಳಿ ಹೊದೆಯುತ್ತಿದ್ದಳು. ಚರ್ಮ ಒರಟು, ದನಿ ಗೊಗ್ಗರು, ಮಾತು ನಿಧಾನ. ಹೂಬತ್ತಿ ಹೊಸೆಯುತ್ತ ಹೊಸೆಯುತ್ತ ತೂಕಡಿಸುವಳು. ಅದೆಲ್ಲ ಅವಳ ಸ್ವಭಾವ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಈಗ ಲಕ್ಷಣಗಳ ಪಟ್ಟಿ ಓದುವಾಗ, ಅಯ್ಯೋ, ಇದು ನಮ್ಮ ಅತ್ತೆಯ ಜಾತಕವಲ್ಲವೇ ಅನ್ನಿಸುತ್ತದೆ. ಸತ್ತವರ ರೋಗ ಕಂಡುಹಿಡಿಯುವುದರಲ್ಲಿ ನಮ್ಮ ಮನೆತನ ಮೊದಲಿನಿಂದಲೂ ಮುಂದು.

ಕೊನೆಕೊನೆಗೆ ಊರಿನ ಡಾಕ್ಟರು ಅವಳಿಗೆ ಡೆರಿಫಿಲಿನ್ ಮಾತ್ರೆ ಕೊಟ್ಟರು. ಆಗ ಉಬ್ಬಸವೆಂದರೆ ಡೆರಿಫಿಲಿನ್, ಡೆರಿಫಿಲಿನ್ ಎಂದರೆ ಉಬ್ಬಸ. ಅದರೊಳಗಿರುವ ಥಿಯೋಫಿಲಿನ್ ಮೂಲತಃ ಚಹಾ ಎಲೆಯದು. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸ್ಸೆಲ್ ಚಹಾದಿಂದಲೇ ಅದನ್ನು ಬೇರ್ಪಡಿಸಿದ್ದ. ಕಾಫಿಯ ಕೆಫೀನಿಗೆ ಅದು ದಾಯಾದಿ. ಮಾತ್ರೆ ತಗೊಂಡರೆ ಅತ್ತೆಗೆ ಉಸಿರೇನೋ ಹಗುರಾಗುತ್ತಿತ್ತು, ಆದರೆ ಕೈ ನಡುಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ರಾತ್ರಿಯಿಡೀ ಎದೆ ಡವಡವ. “ಮಾತ್ರೆ ಉಷ್ಣ” ಎಂದು ಎಳನೀರು ಕುಡಿಸುತ್ತಿದ್ದರು. ನಾನು ಓದಿದ ಪ್ರಕಾರ ವಿಷಯ ಬೇರೆಯೇ ಇರಬಹುದು. ಥಿಯೋಫಿಲಿನ್ ಬಲು ಇಕ್ಕಟ್ಟಿನ ಔಷಧಿ. ರಕ್ತದಲ್ಲಿ ಸ್ವಲ್ಪ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಹೆಚ್ಚಾದರೆ ವಾಂತಿ, ನಡುಕ, ಎದೆಬಡಿತ. ಇನ್ನೂ ಮೀರಿದರೆ ಅಪಾಯ. ಅದನ್ನು ಕರಗಿಸಿ ಹೊರಹಾಕುವ ಕೆಲಸ ಪಿತ್ತಕೋಶದ ಪಕ್ಕದ ಯಕೃತ್ತಿನದು. ಥೈರಾಯಿಡ್ ಮಂದವಾಗಿದ್ದರೆ ಯಕೃತ್ತೂ ಆ ಕೆಲಸದಲ್ಲಿ ಮಂದವಾಗುತ್ತದೆ. ಎಲ್ಲರಿಗೂ ಕೊಡುವ ಡೋಸೇ ಒಳಗೆ ಉಳಿದು ಉಳಿದು ಜಾಸ್ತಿಯಾಗುತ್ತದೆ. ಅದರ ಮೇಲೆ ಬೆಳಗಿನ ಕರಿ ಕಾಫಿ ಬೇರೆ, ಅದೂ ಅದೇ ಕುಲದ್ದು.

ಇದರ ಇನ್ನೊಂದು ಮಗ್ಗುಲು ಇನ್ನೂ ಸ್ವಾರಸ್ಯ. ಅಂಥವರಿಗೆ ಯಾರಾದರೂ ಥೈರಾಯಿಡ್ ಮಾತ್ರೆ ಶುರುಮಾಡಿದರೆನ್ನಿ; ಯಕೃತ್ತು ಚುರುಕಾಗಿ ಥಿಯೋಫಿಲಿನ್ನನ್ನು ಬೇಗ ಬೇಗ ಸಾಗಹಾಕುತ್ತದೆ, ಹಳೆಯ ಡೋಸು ಸಾಲದಾಗಿ ಉಬ್ಬಸ ಮತ್ತೆ ತಲೆಯೆತ್ತುತ್ತದೆ. ಗಂಟಲಿನವರು ಗಂಟಲು ಸರಿಮಾಡುತ್ತಾರೆ, ಎದೆಯವರು ಎದೆ ಯಾಕೆ ಕೆಟ್ಟಿತೆಂದು ತಲೆ ಕೆರೆದುಕೊಳ್ಳುತ್ತಾರೆ. ಈಗಲೂ ಥಿಯೋಫಿಲಿನ್ ನುಂಗುವವರು ಇದ್ದಾರೆ. ಅವರ ಥೈರಾಯಿಡ್ ಡೋಸು ಬದಲಾದಾಗಲೆಲ್ಲ ಉಸಿರಿನ ಡಾಕ್ಟರ ಕಿವಿಗೂ ಅದು ಬೀಳಲೇಬೇಕು. ಬೀಳಿಸುವವರು ಯಾರು?

ನನ್ನ ಸರದಿ ಬಂದದ್ದು ಕಳೆದ ಮಳೆಗಾಲದಲ್ಲಿ. ಥೈರಾಯಿಡ್ ಡೋಸನ್ನು 100ಕ್ಕೆ ಏರಿಸಿದ್ದರು. ಕೆಲವು ವಾರಗಳಲ್ಲಿ ಸುಮ್ಮನೆ ಕೂತರೂ ಎದೆ ಹಾರತೊಡಗಿತು. ಅರ್ಜಿಯ ಮೇಲೆ ಸಹಿ ಮಾಡಿದರೆ ಬ್ಯಾಂಕಿನವರು ಇದು ನಿಮ್ಮ ಸಹಿಯಲ್ಲ ಎನ್ನುವಷ್ಟು ಕೈ ನಡುಕ. ಶೀತ ಹಿಡಿದು ಪಂಪಿನ ಬಳಕೆಯೂ ಹೆಚ್ಚಾಗಿತ್ತು. ಹಾರ್ಮೋನಿನ ಡಾಕ್ಟರು, “ಇದು ಪಂಪಿನದು” ಎಂದರು. ಉಸಿರಿನ ಡಾಕ್ಟರು, “ಇದು ಥೈರಾಯಿಡಿನದು” ಎಂದರು. ಇಬ್ಬರೂ ಒಳ್ಳೆಯವರೇ, ಇಬ್ಬರ ಮಾತೂ ನಿಜವೇ. ಸಾಲ್ಬುಟಮಾಲ್ ನಮ್ಮ ಮೈಯ ಅಡ್ರಿನಲಿನ್‌ನ ಜಾಡಿನಲ್ಲೇ ಹೋಗುವ ಔಷಧಿ. ಶ್ವಾಸನಾಳ ತೆರೆಯುವಾಗ ದಾರಿಯಲ್ಲಿ ಹೃದಯದ ಬಾಗಿಲನ್ನೂ ತಟ್ಟಿಹೋಗುತ್ತದೆ. ಥೈರಾಯಿಡ್ ಹಾರ್ಮೋನು ಹೆಚ್ಚಾದಾಗ ಹೃದಯದ ಕಿವಿ ಸೂಕ್ಷ್ಮವಾಗಿ, ಮೆಲ್ಲಗೆ ತಟ್ಟಿದ್ದೂ ಜೋರಾಗಿ ಕೇಳಿಸುತ್ತದೆ. ಹಾರ್ಮೋನು ಮಿತಿಯಲ್ಲಿದ್ದರೆ ಇಬ್ಬರೂ ಕೂಡಿ ಬಾಳುತ್ತಾರೆ. ಮಿತಿ ಮೀರಿದರೆ ಉಬ್ಬಸವೇ ಕೆಡುವುದೂ ಉಂಟು.

ಈ ನಡುವೆ ಒಬ್ಬ ಹಿತೈಷಿ ನೆಂಟರು ಫೋನಿನಲ್ಲೇ, “ನನಗೂ ಥೈರಾಯಿಡ್ ಹೆಚ್ಚಾಗಿ ಎದೆ ಹೊಡ್ಕೋತಿತ್ತು, ಪ್ರೊಪ್ರನಲಾಲ್ ಕೊಟ್ರು, ಎರಡು ದಿನದಲ್ಲಿ ತಣ್ಣಗಾಯ್ತು, ನೀನೂ ತಗೋ” ಎಂದು ಅಪ್ಪಣೆ ಕೊಡಿಸಿದರು. ಅದು ಬೇರೆಯವರ ಎದೆಗೆ ಅಮೃತವಿರಬಹುದು. ಉಬ್ಬಸದವರಿಗೆ ಮಾತ್ರ ಶ್ವಾಸನಾಳವನ್ನೇ ಬಿಗಿಯುವ ಮಾತ್ರೆ. ಪಂಪು ತೆರೆಯುವ ಬಾಗಿಲನ್ನೇ ಅದು ಹಾಕುತ್ತದೆ. ನೆಂಟರಿಗೆ ಇದನ್ನು ವಿವರಿಸಿದರೆ, “ಓದಿ ಓದಿ ಹೆದರ್ಕೊಂಡಿದ್ದೀಯ” ಎಂದರು.

ಕೊನೆಗೆ ನಾನೇ ಮಧ್ಯಸ್ಥಿಕೆಗೆ ನಿಂತೆ. ಎರಡೂ ಕಡೆಯ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ, ಇವರೆದುರು ಅವರ ಚೀಟಿಯನ್ನೂ ಅವರೆದುರು ಇವರ ಚೀಟಿಯನ್ನೂ ಹರಡಿದೆ. ಟಿಎಸ್‌ಎಚ್ ಕೆಳಗಿಳಿದಿತ್ತು, ಅಂದರೆ ಹಾರ್ಮೋನು ಹೆಚ್ಚಾಗಿತ್ತು; ಡೋಸು ಮತ್ತೆ 75ಕ್ಕೆ ಬಂತು. ಉಸಿರಿನವರು, ಕಟ್ಟಿದಾಗ ಎಳೆಯುವ ಪಂಪನ್ನೇ ನೆಚ್ಚಿಕೊಳ್ಳದೆ, ಕಟ್ಟದಂತೆ ತಡೆಯುವ ಸ್ಟಿರಾಯ್ಡಿನ ಪಂಪನ್ನು ತಪ್ಪದೆ ತಗೊಳ್ಳಿ, ಆಮೇಲೆ ಬಾಯಿ ಮುಕ್ಕಳಿಸಿ ಎಂದರು. ಆ ಪಂಪನ್ನು ಥೈರಾಯಿಡ್ ಮಾತ್ರೆಯ ಬೆನ್ನಿಗೇ ಎಳೆದುಕೊಳ್ಳಬಹುದಂತೆ. ಅದು ಹೋಗುವುದು ಎದೆಗೆ, ಇದು ಹೊಟ್ಟೆಗೆ, ತಕರಾರಿಲ್ಲ. ನನ್ನ ಬರಡು ಗಂಟೆಗೆ ಒಂದು ಕೆಲಸವಾಯಿತು. ಎದೆ ತಣ್ಣಗಾಗಲು ವಾರಗಳೇ ಹಿಡಿದವು, ಥೈರಾಕ್ಸಿನ್ ಹೊರಡುವಾಗಲೂ ಬಂದಷ್ಟೇ ಸಾವಕಾಶ.

ಅಷ್ಟಕ್ಕೇ ಮುಗಿಯಲಿಲ್ಲ. ಉಬ್ಬಸಕ್ಕೆಂದು ಆಗಾಗ ನುಂಗಿದ ಸ್ಟಿರಾಯ್ಡ್ ಮಾತ್ರೆಗಳಿಂದ ಮೂಳೆ ಸವೆದಿರಬಹುದೆಂದು ಮೂಳೆಯವರು ಕ್ಯಾಲ್ಸಿಯಂ ಬರೆದರು. ಥೈರಾಯಿಡ್ ಡೋಸು ಅತಿಯಾದರೂ ಮೂಳೆ ಸವೆಯುತ್ತದಂತೆ. ಮೂಳೆಗಾಗಿ ತಗೊಂಡ ಕ್ಯಾಲ್ಸಿಯಂ ಥೈರಾಯಿಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸುತ್ತದೆ. ಹೀಗೆ ಎದೆಯ ಔಷಧಿ ಮೂಳೆಗೆ, ಮೂಳೆಯ ಔಷಧಿ ಗಂಟಲಿಗೆ, ಗಂಟಲಿನದು ಮತ್ತೆ ಎದೆಗೆ. ಚೀಟಿ ಬರೆದ ಮೂವರಲ್ಲಿ ಯಾರನ್ನೂ ದೂರುವಂತಿಲ್ಲ. ಕ್ಯಾಲ್ಸಿಯಂ ಈಗ ರಾತ್ರಿ ಊಟದ ಜೊತೆಗೆ ಹೋಗುತ್ತದೆ.

ನಮ್ಮೂರಿನ ಆ ಹಳೆಯ ಡಾಕ್ಟರ ಹತ್ತಿರ ಟಿಎಸ್‌ಎಚ್ ಅಳೆಯುವ ಸೌಕರ್ಯವಿರಲಿಲ್ಲ. ಆದರೆ ಅತ್ತೆಯ ಗಂಟಲೂ ಎದೆಯೂ ಅವರ ಮುಂದೆ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವು. ಆ ಒಂದು ಪರೀಕ್ಷೆ ಆ ಬೆಂಚಿನ ಪಕ್ಕದಲ್ಲಿದ್ದಿದ್ದರೆ ಅವಳ ಕಂಬಳಿ, ತೂಕಡಿಕೆ, ನಡುಕ ಎಲ್ಲವೂ ಒಂದೇ ಚೀಟಿಯಲ್ಲಿ ಕೂಡಿಬರುತ್ತಿತ್ತೇನೋ. ನನಗೆ ಪರೀಕ್ಷೆಗಳು ಬೇಕಾದಷ್ಟಿವೆ, ಬೆಂಚು ಮಾತ್ರ ಊರಲ್ಲೇ ಉಳಿಯಿತು. ಅದಕ್ಕೇ ಈಗ ಒಂದು ಕಾರ್ಡಿನ ಮೇಲೆ ನನ್ನ ರೋಗಗಳು, ಔಷಧಿಗಳು, ಡೋಸು, ಹೊತ್ತು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೇನೆ. ಕೊನೆಯಲ್ಲಿ “ಕಾಫಿ: ಬೆಳಿಗ್ಗೆ ಒಂದು ಗಂಟೆ ತಡವಾಗಿ, ಆಮೇಲೆ ಧಾರಾಳವಾಗಿ” ಎಂದೂ ಸೇರಿಸಿದ್ದೇನೆ, ಇದು ಯಜಮಾನರು ಓದಲಿ ಎಂದು.

ಮೊನ್ನೆ ಕಣ್ಣಿನ ಒತ್ತಡ ಹೆಚ್ಚಾಗಿದೆಯೆಂದು ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಮೀಸೆ ಸರಿಯಾಗಿ ಮೂಡದ ಹುಡುಗ ಡಾಕ್ಟರು. ಹನಿ ಔಷಧಿ ಬರೆಯಲು ಪೆನ್ನು ಎತ್ತಿದವರು ಅಲ್ಲೇ ನಿಲ್ಲಿಸಿ, “ಅಮ್ಮ, ನಿಮಗೆ ಉಬ್ಬಸ ಏನಾದರೂ ಇದೆಯಾ?” ಎಂದು ಕೇಳಿದರು. ಕಣ್ಣಿಗೆ ಬಿಟ್ಟ ಟಿಮೊಲಾಲ್ ಹನಿಯೂ ಮೂಗಿನ ದಾರಿಯಲ್ಲಿ ಇಳಿದು ರಕ್ತಕ್ಕೆ ಸೇರಿ ಉಬ್ಬಸದವರ ಉಸಿರು ಕಟ್ಟಿಸಬಲ್ಲದು, ಅದಕ್ಕೇ ಬೇರೆ ಹನಿ ಬರೆಯುತ್ತೇನೆ ಎಂದರು. ಬೇಲಿಯಾಚೆ ಇಣುಕಿದ ಪುಣ್ಯಾತ್ಮ! ಮದುವೆಗೆ ಬಂದ ಮಗಳಿದ್ದಿದ್ದರೆ ಅಲ್ಲೇ ಜಾತಕ ಕೇಳುತ್ತಿದ್ದೆ. ಕಾರ್ಡು ತೆಗೆದು ಮುಂದಿಟ್ಟೆ. ಪೂರ್ತಿ ಓದಿದರು, ಕಾಫಿಯ ಸಾಲಿಗೆ ನಕ್ಕರು. “ಇನ್ನುಮೇಲೆ ಕಣ್ಣಿಗೆಲ್ಲ ನೀವೇ ನನ್ನ ಡಾಕ್ಟರು” ಎಂದೆ. “ಇಲ್ಲಮ್ಮ, ನಾನು ಬರೀ ಒತ್ತಡ ನೋಡ್ತೀನಿ. ರೆಟಿನಾದವರು ಬೇರೆ, ಮೂರನೇ ಮಹಡಿ” ಎಂದು ಚೀಟಿ ಕೊಟ್ಟರು. ಲಿಫ್ಟಿತ್ತು. ಆದರೂ ಮೆಟ್ಟಿಲು ಹತ್ತಿಯೇ ಹೋದೆ; ರೆಟಿನಾದವರು ಉಬ್ಬಸದ ಬಗ್ಗೆ ಕೇಳಿದರೆ, ನೋಡಿ, ಏದುಸಿರಿಲ್ಲ ಎಂದು ತೋರಿಸಬಹುದಲ್ಲ. ಅವರು ಕೇಳಲಿಲ್ಲ. ನಾನು ಕಾರ್ಡು ತೆಗೆದೆ.